ದುರ್ಗದ ಬಂಡೆ, ಸೂಳೆಕೆರೆ ನೀರು, 4×5 ಫಿಲ್ಮ್: ಮೊದಲ ಲೆನ್ಸ್ ಯಾವುದು ತಗೋಬೇಕು?

ಚಿತ್ರದುರ್ಗ, ದಾವಣಗೆರೆ ಕಡೆ ಲ್ಯಾಂಡ್‌ಸ್ಕೇಪ್ ಫೋಟೋ ತೆಗೆಯೋರಲ್ಲಿ ಈಚೆಗೆ ಒಂದು ಆಸೆ ಜೋರಾಗಿ ಹುಟ್ಟಿದೆ, ಕೋಟೆ, ಜೋಗಿಮಟ್ಟಿ, ವಾಣಿವಿಲಾಸ ಸಾಗರ ಎಲ್ಲಾ ಡಿಜಿಟಲ್‌ನಲ್ಲಿ ತೆಗೆದಾಯ್ತು, ಒಂದ್ಸಲ ದೊಡ್ಡ ಫಿಲ್ಮ್‌ನಲ್ಲಿ ತೆಗೀಬೇಕು ಅಂತ. ಕೆಲವರಿಗೆ ಮನೆ ಅಟ್ಟದ ಮೇಲೆ ಹಳೇ ಸ್ಟುಡಿಯೋದ ಮರದ ಕ್ಯಾಮೆರಾ ಸಿಕ್ಕಿರುತ್ತೆ, ಕೆಲವರು ಹೊರದೇಶದಿಂದ ಹೊಸ ಫೀಲ್ಡ್ ಕ್ಯಾಮೆರಾ ತರಿಸ್ಕೊಂಡಿರ್ತಾರೆ. ಬಾಡಿ ಹೆಂಗೋ ಆಗುತ್ತೆ, ಲೆನ್ಸ್ ವಿಷಯಕ್ಕೆ ಬಂದಾಗ ಕೈ ನಿಲ್ಲುತ್ತೆ. ಯಾಕಂದ್ರೆ ಅಲ್ಲಿ ಬರೆದಿರೋದು "150 ಎಂಎಂ, ಎಫ್ 5.6, ಕೋಪಲ್ 0, ಇಮೇಜ್ ಸರ್ಕಲ್ 210" ಅಂತ, ಡಿಜಿಟಲ್ ಕ್ಯಾಮೆರಾ ಚೆನ್ನಾಗಿ ಗೊತ್ತಿರೋರಿಗೂ ಇದರಲ್ಲಿ ಅರ್ಧ ಹೊಸದು. ಬೆಲೆಯೂ ಕಡಿಮೆ ಏನಲ್ಲ, ಒಂದೇ ಒಂದು ಲೆನ್ಸ್‌ಗೆ ದುಡ್ಡು ಹೊಂದಿಸಿರ್ತೀವಿ, ಅದು ತಪ್ಪಾಗಬಾರದು.

ಅದಕ್ಕೇ ಆ ಒಂದು ಸಾಲನ್ನ ಬಿಡಿಸಿ ಹೇಳ್ತೀನಿ. ಆಮೇಲೆ ಯಾವ ಲೆನ್ಸ್ ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಮೊದಲು ಕ್ಯಾಮೆರಾ ಎಂಥದ್ದು ಅಂತ

ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಫಿಲ್ಮ್ ರೋಲ್ ಆಗಿ ಬರಲ್ಲ, ಒಂದೊಂದೇ ಹಾಳೆಯಾಗಿ ಬರುತ್ತೆ, ಅದಕ್ಕೆ ಶೀಟ್ ಫಿಲ್ಮ್ ಅಂತಾರೆ. ಎಲ್ಲರೂ ಶುರು ಮಾಡೋ ಸೈಜ್ 4×5 ಇಂಚು. ಹಾಳೆ ಹಾಕಿಡೋ ಹೋಲ್ಡರ್ ಅಂಚಿನಲ್ಲಿ ಮುಚ್ಚಿಹೋಗೋದನ್ನ ಕಳೆದ್ರೆ ಚಿತ್ರ ಬೀಳೋ ಜಾಗ ಹತ್ತಿರ ಹತ್ತಿರ 96×120 ಎಂಎಂ. ಫುಲ್ ಫ್ರೇಮ್ ಡಿಜಿಟಲ್ ಸೆನ್ಸರ್ 24×36 ಎಂಎಂ, ಅಂದ್ರೆ ಈ ಹಾಳೆ ಅದರ ಸುಮಾರು ಹದಿಮೂರು ಪಟ್ಟು ದೊಡ್ಡದು. ಬಂಡೆ ಮೇಲಿನ ಒಂದೊಂದು ಬಿರುಕು, ಒಂದೊಂದು ಪಾಚಿ ಕಲೆ ಪ್ರಿಂಟ್‌ನಲ್ಲಿ ಎದ್ದು ಕಾಣೋದು ಈ ಸೈಜ್‌ನಿಂದಾನೇ.

ಕ್ಯಾಮೆರಾ ಅಂದ್ರೆ ಎರಡು ಚೌಕಟ್ಟು, ನಡುವೆ ಮಡಿಕೆ ಮಡಿಕೆಯ ಬೆಲ್ಲೋಸ್. ಹಿಂದಿನ ಚೌಕಟ್ಟಿನಲ್ಲಿ ಮಂಜು ಗಾಜು, ಅದರ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತೆ, ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಅದನ್ನ ನೋಡಿ ಫೋಕಸ್ ಮಾಡ್ತೀವಿ, ಆಮೇಲೆ ಆ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ತೂರಿಸ್ತೀವಿ. ಮುಂದಿನ ಚೌಕಟ್ಟಿನಲ್ಲಿ ಲೆನ್ಸ್. ಲೆನ್ಸ್‌ನಲ್ಲಿ ಫೋಕಸ್ ರಿಂಗ್ ಇರಲ್ಲ, ಇಡೀ ಚೌಕಟ್ಟನ್ನೇ ಹಿಂದೆ ಮುಂದೆ ಸರಿಸೋದೇ ಫೋಕಸ್. ಶಟರ್ ಕ್ಯಾಮೆರಾದಲ್ಲಿ ಇರಲ್ಲ, ಲೆನ್ಸ್ ಒಳಗೇ ಇರುತ್ತೆ. ಲೆನ್ಸನ್ನ ಒಂದು ಚಪ್ಪಟೆ ಹಲಗೆಗೆ, ಅಂದ್ರೆ ಲೆನ್ಸ್ ಬೋರ್ಡ್‌ಗೆ ಕೂರಿಸಿ ಕ್ಯಾಮೆರಾಗೆ ಸಿಗಿಸೋದು, ಅದಕ್ಕೇ ಇಲ್ಲಿ ನಿಕಾನ್ ಮೌಂಟ್, ಕ್ಯಾನನ್ ಮೌಂಟ್ ಅನ್ನೋ ಗೋಜಿಲ್ಲ, ಯಾವ ಕಂಪನಿ ಲೆನ್ಸ್ ಆದ್ರೂ ಸರಿಯಾದ ಬೋರ್ಡ್ ಇದ್ರೆ ಯಾವ ಕ್ಯಾಮೆರಾಗಾದ್ರೂ ಆಗುತ್ತೆ.

ಅಟ್ಟದಲ್ಲಿ ಸಿಕ್ಕಿದ ಮರದ ಕ್ಯಾಮೆರಾ ಇರೋರಿಗೆ ಒಂದು ಮಾತು. ನಮ್ಮ ಕಡೆ ಹಳೇ ಸ್ಟುಡಿಯೋ ಕ್ಯಾಮೆರಾಗಳು, ಕೇರಳದ ಆಲಪ್ಪುಳದಲ್ಲಿ ತಯಾರಾಗ್ತಿದ್ದ ವಾಗೀಶ್ವರಿ ಥರದವು, ಎಷ್ಟೋ ಸಲ 4×5 ಆಗಿರಲ್ಲ, ಹಾಫ್ ಪ್ಲೇಟ್ ಅಥವಾ ಫುಲ್ ಪ್ಲೇಟ್ ಆಗಿರುತ್ತೆ. ಹಾಫ್ ಪ್ಲೇಟ್ ಅಂದ್ರೆ ನಾಲ್ಕೂ ಮುಕ್ಕಾಲು × ಆರೂವರೆ ಇಂಚು, ಫುಲ್ ಪ್ಲೇಟ್ ಆರೂವರೆ × ಎಂಟೂವರೆ ಇಂಚು. ಲೆನ್ಸ್ ಹುಡುಕೋಕೆ ಮುಂಚೆ ಟೇಪ್ ಹಿಡಿದು ಹಿಂದಿನ ಗಾಜು ಅಳೀರಿ. ಆ ಸೈಜ್ ಫಿಲ್ಮ್ ಮಾಮೂಲಾಗಿ ಸಿಗಲ್ಲ, ಇಲ್‌ಫೋರ್ಡ್ ಅನ್ನೋ ಫಿಲ್ಮ್ ಕಂಪನಿ ವರ್ಷಕ್ಕೊಮ್ಮೆ ಆರ್ಡರ್ ತಗೊಂಡು ಮಾಡಿಕೊಡುತ್ತೆ, ಇಲ್ಲಾಂದ್ರೆ ಒಳ್ಳೇ ಬಡಗಿ ಹತ್ರ 4×5 ಹೋಲ್ಡರ್ ಕೂರೋ ಹಾಗೆ ಹಿಂಬದಿ ಮಾಡಿಸ್ಕೋಬೇಕು. ಮಾಡಿಸುವಾಗ ಗಾಜು ಕೂರೋ ಜಾಗ ಮತ್ತು ಫಿಲ್ಮ್ ಕೂರೋ ಜಾಗ ಒಂದೇ ದೂರದಲ್ಲಿರಬೇಕು, ಕೂದಲೆಳೆ ವ್ಯತ್ಯಾಸ ಬಂದ್ರೂ ಗಾಜಿನಲ್ಲಿ ಶಾರ್ಪ್ ಕಂಡಿದ್ದು ಫಿಲ್ಮ್‌ನಲ್ಲಿ ಮಸುಕಾಗುತ್ತೆ. ಇಲ್ಲಿಂದ ಮುಂದೆ ಲೆಕ್ಕ ಎಲ್ಲಾ 4×5ಗೆ.

150 ಅಂದ್ರೆ ಎಷ್ಟು ಅಗಲ ಕಾಣುತ್ತೆ

ಫೋಕಲ್ ಲೆಂತ್ ಅಂದ್ರೆ ದೂರದ ಬೆಟ್ಟಕ್ಕೆ ಫೋಕಸ್ ಮಾಡಿದಾಗ ಲೆನ್ಸ್‌ಗೂ ಫಿಲ್ಮ್‌ಗೂ ಇರೋ ಅಂತರ ಅಂತ ಸದ್ಯಕ್ಕೆ ಇಟ್ಕೊಳ್ಳಿ. 150 ಎಂಎಂ ಲೆನ್ಸ್‌ಗೆ ಬೆಲ್ಲೋಸ್ ಸುಮಾರು 15 ಸೆಂಟಿಮೀಟರ್ ಎಳೀಬೇಕು, 300ಕ್ಕೆ 30 ಸೆಂಟಿಮೀಟರ್. ಹತ್ತಿರದ ವಸ್ತು ತೆಗೀಬೇಕಾದ್ರೆ ಇನ್ನೂ ಜಾಸ್ತಿ. ಕ್ಯಾಮೆರಾದ ಬೆಲ್ಲೋಸ್ ಎಷ್ಟು ಉದ್ದ ಹೋಗುತ್ತೆ, ಎಷ್ಟು ಗಿಡ್ಡ ಆಗುತ್ತೆ ಅನ್ನೋದು ಮೊದಲೇ ಗೊತ್ತಿರಬೇಕು ಅನ್ನೋದು ಇದಕ್ಕೇ.

ಎಷ್ಟು ಅಗಲ ಕಾಣುತ್ತೆ ಅನ್ನೋದು ಫೋಕಲ್ ಲೆಂತ್ ಮತ್ತು ಫಿಲ್ಮ್ ಸೈಜ್ ಎರಡೂ ಸೇರಿ ಆಗೋದು. 4×5 ಹಾಳೆಯ ಮೂಲೆಯಿಂದ ಮೂಲೆಗೆ ಸುಮಾರು 153 ಎಂಎಂ, ಫುಲ್ ಫ್ರೇಮ್ ಸೆನ್ಸರ್‌ಗೆ ಅದು 43 ಎಂಎಂ. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಮೂರೂವರೆ. ಹಾಗಾಗಿ 4×5 ಲೆನ್ಸಿನ ನಂಬರನ್ನ ಮೂರೂವರೆಯಿಂದ ಭಾಗಿಸಿ, ನಿಮಗೆ ಗೊತ್ತಿರೋ ಫುಲ್ ಫ್ರೇಮ್ ನಂಬರ್ ಸಿಗುತ್ತೆ. 90 ಎಂಎಂ ಅಂದ್ರೆ ಸುಮಾರು 26, 135 ಅಂದ್ರೆ 38, 150 ಅಂದ್ರೆ 43, 210 ಅಂದ್ರೆ 60, 300 ಅಂದ್ರೆ 86. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26ರ ಲೆಕ್ಕ, ಅಂದ್ರೆ ಮೊಬೈಲಲ್ಲಿ ಝೂಮ್ ಮಾಡದೇ ಕಾಣೋ ಅಗಲ 4×5ನಲ್ಲಿ ಬೇಕು ಅಂದ್ರೆ 90 ಎಂಎಂ ಬೇಕು. ಮೊಬೈಲಲ್ಲಿ 1.7ರ ಆಸುಪಾಸಿಗೆ ಝೂಮ್ ಮಾಡಿ ನೋಡಿ, 150 ಎಂಎಂ ಏನು ಕಾಣ್ಸುತ್ತೋ ಅದೇ ಹತ್ತಿರ ಹತ್ತಿರ ಬರುತ್ತೆ. ಇದೇನೂ ದುಡ್ಡು ಕೇಳಲ್ಲ, ಲೆನ್ಸ್ ತಗೊಳ್ಳೋಕೆ ಮುಂಚೆ ಕೋಟೆ ಮೇಲೆ ಒಂದು ಸಂಜೆ ಹೀಗೆ ಝೂಮ್ ಬದಲಿಸ್ತಾ ಓಡಾಡಿ.

ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿದೆ. ನೀವು ಇಷ್ಟು ವರ್ಷ ತೆಗೆದ ಡಿಜಿಟಲ್ ಫೋಟೋಗಳಲ್ಲಿ ನಿಜಕ್ಕೂ ನಿಮಗೆ ಇಷ್ಟ ಆಗಿ ಉಳಿಸ್ಕೊಂಡಿರೋವನ್ನ ತೆಗೀರಿ, ಒಂದೊಂದರ ಮಾಹಿತಿಯಲ್ಲೂ ಯಾವ ಫೋಕಲ್ ಲೆಂತ್ ಅಂತ ಬರೆದಿರುತ್ತೆ. ಬಾಯಲ್ಲಿ "ನಾನು ವೈಡ್ ಮನುಷ್ಯ" ಅನ್ನೋರ ಒಳ್ಳೇ ಫೋಟೋಗಳು 40ರಿಂದ 60ರ ನಡುವೆ ಗುಂಪಾಗಿ ಕೂತಿರೋದು ಬಹಳ ಸಾಮಾನ್ಯ. ಆ ಗುಂಪು ಎಲ್ಲಿದೆಯೋ ಅದನ್ನ ಮೂರೂವರೆಯಿಂದ ಗುಣಿಸಿ, ನಿಮ್ಮ ಮೊದಲ ಲೆನ್ಸ್ ಅದರ ಹತ್ತಿರದಲ್ಲೇ ಇರುತ್ತೆ.

ಇಮೇಜ್ ಸರ್ಕಲ್: ಎಲ್ಲಕ್ಕಿಂತ ಮುಖ್ಯ

ಡಿಜಿಟಲ್‌ನಲ್ಲಿ ನಾವು ಯಾವತ್ತೂ ಯೋಚನೆ ಮಾಡದೇ ಇರೋ ವಿಷಯ ಇದು. ಲೆನ್ಸ್ ಚೌಕ ಚಿತ್ರ ಕೊಡಲ್ಲ, ಗುಂಡಗಿನ ಚಿತ್ರ ಕೊಡುತ್ತೆ, ಅದರೊಳಗಿಂದ ಫಿಲ್ಮ್ ತನಗೆ ಬೇಕಾದ ಚೌಕ ತಗೊಳ್ಳುತ್ತೆ. ರಾತ್ರಿ ಕರೆಂಟ್ ಹೋದಾಗ ಗೋಡೆ ಮೇಲಿನ ಕ್ಯಾಲೆಂಡರ್‌ಗೆ ಟಾರ್ಚ್ ಬಿಡ್ತೀವಲ್ಲ, ಬೆಳಕಿನ ವೃತ್ತ ಕ್ಯಾಲೆಂಡರಿನ ನಾಲ್ಕೂ ಮೂಲೆ ಮುಟ್ಟಿದ್ರೆ ಪೂರ್ತಿ ಕಾಣುತ್ತೆ, ವೃತ್ತ ಸಣ್ಣದಾದ್ರೆ ಮೂಲೆ ಕತ್ತಲು, ವೃತ್ತ ದೊಡ್ಡದಿದ್ರೆ ಟಾರ್ಚ್ ಸ್ವಲ್ಪ ಮೇಲಕ್ಕೋ ಪಕ್ಕಕ್ಕೋ ಸರಿದ್ರೂ ಮೂಲೆ ಬೆಳಕಲ್ಲೇ ಇರುತ್ತೆ. ಲೆನ್ಸಿನ ಆ ವೃತ್ತದ ಅಡ್ಡಳತೆಯೇ ಇಮೇಜ್ ಸರ್ಕಲ್. ಕಂಪನಿಗಳು ಇದನ್ನ ಸಾಮಾನ್ಯವಾಗಿ ಎಫ್ 22ರಲ್ಲಿ, ದೂರಕ್ಕೆ ಫೋಕಸ್ ಮಾಡಿದಾಗಿನ ಲೆಕ್ಕದಲ್ಲಿ ಕೊಟ್ಟಿರ್ತಾರೆ. (ಎಫ್ ನಂಬರ್ ಅಂದ್ರೆ ಲೆನ್ಸ್ ಒಳಗಿನ ತೂತು ಎಷ್ಟು ತೆರೆದಿದೆ ಅನ್ನೋ ಲೆಕ್ಕ, ನಂಬರ್ ದೊಡ್ಡದಾದಷ್ಟೂ ತೂತು ಸಣ್ಣ.)

4×5ಗೆ ಕನಿಷ್ಠ 153 ಎಂಎಂ ಸರ್ಕಲ್ ಬೇಕು. ಆದ್ರೆ ಬರೀ 153 ಇದ್ರೆ ಕ್ಯಾಮೆರಾನ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೀಬಹುದು ಅಷ್ಟೆ, ಲೆನ್ಸನ್ನ ಸರಿಸೋಕೆ, ಬಗ್ಗಿಸೋಕೆ ಆಗಲ್ಲ, ಆ ಸರಿಸೋದು ಬಗ್ಗಿಸೋದಕ್ಕೇ ತಾನೇ ಇಷ್ಟು ದೊಡ್ಡ ಕ್ಯಾಮೆರಾ ಹೊರೋದು! ಹಳೇ ಷ್ನೈಡರ್ ಆಂಗುಲಾನ್ 90 ಎಂಎಂ ಎಫ್ 6.8 ಲೆನ್ಸ್ ಚಿಕ್ಕದು, ಹಗುರ, ನೋಡೋಕೆ ಮುದ್ದಾಗಿದೆ, ಆದ್ರೆ ಅದರ ಸರ್ಕಲ್ 4×5ನ ಮೂಲೆ ಮುಟ್ಟೋದೇ ಕಷ್ಟಪಟ್ಟು. ಅದೇ ಕಂಪನಿಯ ಸೂಪರ್ ಆಂಗುಲಾನ್ 90 ಎಂಎಂ ಎಫ್ 8ಕ್ಕೆ 216 ಎಂಎಂ ಸರ್ಕಲ್ ಇದೆ. ಎರಡರ ಮೇಲೂ 90 ಅಂತಾನೇ ಬರೆದಿದೆ, ಹೆಸರೂ ಹೆಚ್ಚುಕಮ್ಮಿ ಒಂದೇ, ಕೆಲಸ ಮಾತ್ರ ಪೂರ್ತಿ ಬೇರೆ.

ಕೋಟೆ ಒಳಗಿನ ದೀಪಸ್ತಂಭ ಅಥವಾ ಉಯ್ಯಾಲೆ ಕಂಬ ಇಟ್ಕೊಂಡು ನೋಡೋಣ. ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆತ್ತಿದ್ರೆ ಕಂಬ ಹಿಂದಕ್ಕೆ ವಾಲಿದ ಹಾಗೆ ಬರುತ್ತೆ, ಮೊಬೈಲಲ್ಲಿ ಎಲ್ಲರೂ ನೋಡಿರ್ತೀರಿ. ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಕ್ಯಾಮೆರಾ ಎತ್ತಲ್ಲ, ನೆಟ್ಟಗೇ ಬಿಟ್ಟು ಮುಂದಿನ ಚೌಕಟ್ಟನ್ನ ಮಾತ್ರ ಮೇಲಕ್ಕೆ ಸರಿಸ್ತೀವಿ, ಇದಕ್ಕೆ ರೈಸ್ ಅಂತಾರೆ. ಕಂಬದ ತುದಿ ಫ್ರೇಮಿಗೆ ಬರುತ್ತೆ, ಕಂಬ ನೆಟ್ಟಗೇ ಇರುತ್ತೆ. ಎಷ್ಟು ಸರಿಸಬಹುದು ಅನ್ನೋದು ಸರ್ಕಲ್ ಮೇಲೆ ಹೋಗುತ್ತೆ. 210 ಎಂಎಂ ಸರ್ಕಲ್ ಇರೋ ಲೆನ್ಸಲ್ಲಿ ಫಿಲ್ಮ್ ಅಡ್ಡ ಇದ್ದಾಗ ಸುಮಾರು 38 ಎಂಎಂ ರೈಸ್ ಸಿಗುತ್ತೆ. ಸರ್ಕಲ್ 170 ಇದ್ರೆ ಬರೀ 12 ಎಂಎಂ. ಸರ್ಕಲ್‌ನಲ್ಲಿ 40 ಎಂಎಂ ಕಡಿಮೆಯಾದ್ರೆ ರೈಸ್ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುತ್ತೆ, ನಾನು ಸರ್ಕಲ್ ಸರ್ಕಲ್ ಅಂತ ಇಷ್ಟು ಹೇಳ್ತಿರೋದು ಇದಕ್ಕೇ.

ಅಂದಹಾಗೆ ಕೋಟೆ ಕೇಂದ್ರ ಪುರಾತತ್ವ ಇಲಾಖೆ ಕೈಲಿದೆ, ಟ್ರೈಪಾಡ್ ಇಡೋಕೆ ಅನುಮತಿ ಬೇಕು. ಮೊದಲೇ ಅರ್ಜಿ ಕೊಟ್ಟು ಹೋಗಿ, ಟ್ರೈಪಾಡ್ ಇಲ್ಲದೆ ಈ ಕ್ಯಾಮೆರಾದಲ್ಲಿ ಏನೂ ಆಗಲ್ಲ.

ಟಿಲ್ಟ್: ಕಾಲ ಹತ್ರದ ಕಲ್ಲಿಂದ ದೂರದ ಗುಡ್ಡದವರೆಗೆ

ದೊಡ್ಡ ಫಿಲ್ಮ್‌ನ ಒಂದು ತೊಂದರೆ ಅಂದ್ರೆ ಡೆಪ್ತ್ ಆಫ್ ಫೀಲ್ಡ್, ಅಂದ್ರೆ ಹತ್ತಿರದಿಂದ ದೂರದವರೆಗೆ ಶಾರ್ಪ್ ಆಗಿ ಬರೋ ಆಳ, ತುಂಬಾ ಕಡಿಮೆ. 150 ಎಂಎಂ ಲೆನ್ಸನ್ನ ಎಫ್ 22ಕ್ಕೆ ಮುಚ್ಚಿ, ಸುಮಾರು 10 ಮೀಟರ್ ದೂರಕ್ಕೆ ಫೋಕಸ್ ಮಾಡಿದ್ರೆ 5 ಮೀಟರಿಂದ ಆಚೆಗೆ ಮಾತ್ರ ಶಾರ್ಪ್. ಫೋಕಸ್ ದೂರವನ್ನ ಆಯಾ ಲೆನ್ಸ್‌ಗೆ ತಕ್ಕ ಹಾಗೆ ಇಟ್ರೆ 210 ಎಂಎಂಗೆ ಅದು 10 ಮೀಟರಿಂದ ಆಚೆ. 90 ಎಂಎಂಗೆ ಎರಡು ಮೀಟರಿಗಿಂತ ಸ್ವಲ್ಪ ಒಳಗಿಂದಾನೇ ಸಿಗುತ್ತೆ. ಸೂಳೆಕೆರೆ ದಡದಲ್ಲಿ ನಿಂತು ಕಾಲ ಹತ್ರದ ಒದ್ದೆ ಕಲ್ಲು, ಮಧ್ಯ ನೀರು, ಆಚೆ ಗುಡ್ಡ ಮೂರೂ ಶಾರ್ಪ್ ಬೇಕು ಅಂದ್ರೆ ಈ ಲೆಕ್ಕದಲ್ಲಿ 150 ಸೋಲುತ್ತೆ.

ಇಲ್ಲೇ ಟಿಲ್ಟ್ ಬರೋದು. ಮಾಮೂಲಿ ಕ್ಯಾಮೆರಾದಲ್ಲಿ ಲೆನ್ಸ್, ಫಿಲ್ಮ್ ಸಮಾನಾಂತರ, ಫೋಕಸ್ ಆಗೋ ತಲವೂ ಅವಕ್ಕೆ ಸಮಾನಾಂತರವಾಗಿ ಗೋಡೆ ಹಾಗೆ ನೆಟ್ಟಗೆ ನಿಂತಿರುತ್ತೆ. ಲೆನ್ಸನ್ನ ಸ್ವಲ್ಪ ಮುಂದಕ್ಕೆ ಬಗ್ಗಿಸಿದ್ರೆ ಆ ತಲವೂ ಮಲಗುತ್ತೆ, ಸರಿಯಾಗಿ ಬಗ್ಗಿಸಿದ್ರೆ ನೆಲದ ಉದ್ದಕ್ಕೂ ಮಲಗಿಬಿಡುತ್ತೆ, ಆಗ ಹತ್ರದ ಕಲ್ಲು, ನೀರು, ಆಚೆ ದಡ ಎಲ್ಲಾ ಒಂದೇ ತಲದ ಮೇಲೆ. ಲೆನ್ಸ್ ತಲ, ಫಿಲ್ಮ್ ತಲ, ಫೋಕಸ್ ತಲ ಮೂರೂ ಒಂದೇ ಗೆರೆಯಲ್ಲಿ ಸೇರಬೇಕು ಅನ್ನೋ ಈ ನಿಯಮಕ್ಕೆ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲಗ್ ಹೆಸರಿದೆ, 1904ರಲ್ಲಿ ಅವನು ತಗೊಂಡ ಪೇಟೆಂಟ್‌ನಿಂದ ಇದು ಜನಕ್ಕೆ ಗೊತ್ತಾಯ್ತು.

ಎಷ್ಟು ಬಗ್ಗಿಸಬೇಕು ಅಂತ ಕೇಳಿದ್ರೆ ಬಹಳ ಕಡಿಮೆ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದು ಫೋಕಸ್ ತಲ ನೆಲಕ್ಕೇ ಮಲಗಬೇಕು ಅಂದ್ರೆ 150 ಎಂಎಂಗೆ 6 ಡಿಗ್ರಿಗಿಂತ ಒಂಚೂರು ಕಡಿಮೆ, 90 ಎಂಎಂಗೆ ಮೂರೂವರೆ ಡಿಗ್ರಿ, 210 ಎಂಎಂಗೆ 8 ಡಿಗ್ರಿ. ಫೋಕಲ್ ಲೆಂತ್ ಹೆಚ್ಚಾದಷ್ಟೂ ಟಿಲ್ಟ್ ಹೆಚ್ಚು ಬೇಕು. ಲೆನ್ಸ್ ಬಗ್ಗಿದಾಗ ಅದರ ವೃತ್ತವೂ ಫಿಲ್ಮ್ ಮೇಲೆ ಸರಿಯುತ್ತೆ, 150ರಲ್ಲಿ 6 ಡಿಗ್ರಿಗೆ ಸುಮಾರು 16 ಎಂಎಂ ಮೇಲಕ್ಕೆ. ಈಗ ಮೇಲಿನ ಲೆಕ್ಕ ನೆನಪು ಮಾಡ್ಕೊಳ್ಳಿ. 170 ಸರ್ಕಲ್‌ನ ಲೆನ್ಸಲ್ಲಿ ಇದ್ದಿದ್ದೇ 12, ಟಿಲ್ಟ್ ಒಂದಕ್ಕೇ ಮೂಲೆ ಕಪ್ಪಾಗುತ್ತೆ, ಅಥವಾ ಲೆನ್ಸ್ ಕೆಳಗಿಳಿಸಿ ಸರಿ ಮಾಡ್ಕೋಬೇಕು, ಆಗ ಫ್ರೇಮ್ ಬದಲಾಗುತ್ತೆ. 210 ಸರ್ಕಲ್ ಇದ್ರೆ ಟಿಲ್ಟ್ ಆದ್ಮೇಲೂ ಇನ್ನೂ 22 ಎಂಎಂ ರೈಸ್ ಉಳಿದಿರುತ್ತೆ.

ಟಿಲ್ಟ್ ಎಲ್ಲಾ ಕಡೆ ನಡೆಯಲ್ಲ. ವಾಣಿವಿಲಾಸ ಸಾಗರದ ಹಿನ್ನೀರು, ಕೆರೆ ದಡ, ಶೇಂಗಾ ಹೊಲ, ಈ ಥರ ಸಪಾಟು ಜಾಗಕ್ಕೆ ಹೇಳಿಮಾಡಿಸಿದ್ದು. ಆದ್ರೆ ಚಂದ್ರವಳ್ಳಿಯಲ್ಲಿ ಮುಂದೆ ಎರಡಾಳು ಎತ್ತರದ ಬಂಡೆ, ಹಿಂದೆ ಗುಡ್ಡ ಇದ್ರೆ ತಲ ಮಲಗಿಸಿದ ತಕ್ಷಣ ಬಂಡೆ ತಲೆ ಮಸುಕಾಗುತ್ತೆ. ಅಲ್ಲಿ ಟಿಲ್ಟ್ ಬಿಟ್ಟು ಎಫ್ 32ಕ್ಕೆ ಮುಚ್ಚೋದು, ಸ್ವಲ್ಪ ಹಿಂದೆ ಸರಿಯೋದು ಇಷ್ಟೇ ದಾರಿ. ನಮ್ಮ ದುರ್ಗದಲ್ಲಿ ನಿಂತಿರೋ ಕಲ್ಲುಗಳೇ ಜಾಸ್ತಿ, ಹಾಗಾಗಿ ಉದ್ದದ ಲೆನ್ಸ್‌ಗೆ ಹೋದಷ್ಟೂ ಈ ಕಷ್ಟ ಜಾಸ್ತಿ ಅನ್ನೋದು ತಲೆಯಲ್ಲಿರಲಿ.

ವೈಡ್ ಮೊದಲು ಯಾಕೆ ಬೇಡ ಅಂತೀನಿ

ಲ್ಯಾಂಡ್‌ಸ್ಕೇಪ್ ಅಂದ ತಕ್ಷಣ ಎಲ್ಲರ ಮನಸ್ಸು 90 ಎಂಎಂ ಕಡೆ ಓಡುತ್ತೆ. ಒಳ್ಳೇ ಲೆನ್ಸೇ ಅದು, ಬಂಡೆ ಸಂದಿಯಲ್ಲಿ, ಕೋಟೆಯ ತಿರುವು ಬಾಗಿಲುಗಳ ಒಳಗೆ ಹಿಂದೆ ಸರಿಯೋಕೆ ಜಾಗ ಇಲ್ಲದ ಕಡೆ ಅದೇ ಬೇಕು. ಆದ್ರೆ ಮೊದಲ ಲೆನ್ಸಾಗಿ ಅದು ಕಲಿಯೋರಿಗೆ ಕಷ್ಟ ಕೊಡುತ್ತೆ. ಮಂಜು ಗಾಜಿನ ಮೇಲೆ ಮಧ್ಯ ಮಾತ್ರ ಬೆಳಗುತ್ತೆ, ಮೂಲೆ ಕತ್ತಲು, ಅಲ್ಲಿ ಫೋಕಸ್ ಆಗಿದೆಯಾ ಅಂತ ನೋಡೋಕೆ ತಲೆ ಆ ಕಡೆ ಈ ಕಡೆ ಹೊರಳಿಸಬೇಕು. ಫಿಲ್ಮ್ ಮೇಲೂ ಮೂಲೆಗೆ ಬೆಳಕು ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಬೀಳುತ್ತೆ (ಒಂದು ಸ್ಟಾಪ್ ಕಡಿಮೆ ಅಂದ್ರೆ ಬೆಳಕು ಅರ್ಧ), ಕಲರ್ ಸ್ಲೈಡ್‌ನಲ್ಲಿ ಅದು ಎದ್ದು ಕಾಣುತ್ತೆ, ಸರಿ ಮಾಡೋಕೆ ಸೆಂಟರ್ ಫಿಲ್ಟರ್ ಅಂತ ಇನ್ನೊಂದು ದುಬಾರಿ ಸಾಮಾನು. ಬೆಲ್ಲೋಸ್ 9 ಸೆಂಟಿಮೀಟರಿಗೆ ಅದುಮಿಕೊಂಡಿರುತ್ತೆ, ಮಡಿಕೆ ಬಿಗಿಯಾಗಿ ರೈಸ್ ಮಾಡೋಕೆ ಹೋದ್ರೆ ಚೌಕಟ್ಟು ಅಲ್ಲಾಡಲ್ಲ, ಸರ್ಕಲ್ ಎಷ್ಟಿದ್ರೂ ಉಪಯೋಗಕ್ಕೆ ಬರಲ್ಲ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ಸೋದು ಬೇರೆ. ಜೋಗಿಮಟ್ಟಿ ಮೇಲಿಂದ ನೋಡಿದ್ರೆ ಗುಡ್ಡದ ಹಿಂದೆ ಗುಡ್ಡ, ಸಾಲಾಗಿ ಗಾಳಿ ಗಿರಣಿಗಳು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತೆ, 90ರಲ್ಲಿ ಅದೇ ದೃಶ್ಯ ತೆಳ್ಳಗಿನ ಒಂದು ಪಟ್ಟಿ, ಮೇಲೆ ಖಾಲಿ ಆಕಾಶ, ಕೆಳಗೆ ಖಾಲಿ ಹುಲ್ಲು. ವೈಡ್ ಲೆನ್ಸ್‌ಗೆ ಮುಂದೆ ಗಟ್ಟಿ ವಿಷಯ ಬೇಕೇಬೇಕು, ನಮ್ಮ ಬಯಲುಸೀಮೆಯಲ್ಲಿ ಬಹಳಷ್ಟು ದೃಶ್ಯ ಇರೋದು ಮಧ್ಯದಲ್ಲಿ ಮತ್ತು ದೂರದಲ್ಲಿ.

ಹಾಗಂತ 300ಕ್ಕೂ ಹಾರಬೇಡಿ. ಬೆಲ್ಲೋಸ್ 30 ಸೆಂಟಿಮೀಟರ್ ಚಾಚಿ ನಿಂತಾಗ ಗಾಳಿ ಅದಕ್ಕೇ ಬಡಿಯುತ್ತೆ. ಇಲ್ಲಿ ಗಾಳಿ ಗಿರಣಿ ಹಾಕಿರೋದೇ ಗಾಳಿ ಜೋರು ಅಂತ, ಮುಂಗಾರಿನ ತಿಂಗಳುಗಳಲ್ಲಂತೂ ಗುಡ್ಡದ ಮೇಲೆ ಬೆಲ್ಲೋಸ್ ನಡುಗೋದು ಬರಿಗಣ್ಣಿಗೆ ಕಾಣುತ್ತೆ. ಅರ್ಧ ಸೆಕೆಂಡ್ ಎಕ್ಸ್‌ಪೋಶರ್‌ನಲ್ಲಿ ಆ ನಡುಕ ಫಿಲ್ಮ್‌ಗೆ ಇಳಿಯುತ್ತೆ. 150ರಲ್ಲಿ ಬೆಲ್ಲೋಸ್ ಗಿಡ್ಡ, ಕ್ಯಾಮೆರಾ ಗಟ್ಟಿಯಾಗಿ ನಿಲ್ಲುತ್ತೆ.

ಹಾಗಾದ್ರೆ ಯಾವುದು?

150 ಎಂಎಂ ಎಫ್ 5.6, ಸರ್ಕಲ್ 200ಕ್ಕಿಂತ ಮೇಲಿರೋದು. ಇದೇ ನನ್ನ ಸಲಹೆ. ಕಣ್ಣಿಗೆ ಸಹಜವಾಗಿ ಕಾಣೋ ಅಗಲ, ಗಾಜಿನ ಮೇಲೆ ಒಳ್ಳೇ ಬೆಳಕು, ಟಿಲ್ಟ್ ಮತ್ತು ರೈಸ್ ಕಲಿಯೋಕೆ ಸಾಕಷ್ಟು ಜಾಗ, ಹೆಚ್ಚಿನ ಫೀಲ್ಡ್ ಕ್ಯಾಮೆರಾಗಳ ಬೆಲ್ಲೋಸ್‌ಗೆ ಸಲೀಸು, ತೂಕ ಕಾಲು ಕೆಜಿ ಆಸುಪಾಸು, ಮೇಲಾಗಿ ಅತಿ ಹೆಚ್ಚು ತಯಾರಾದ ಲೆನ್ಸ್‌ಗಳಲ್ಲಿ ಇದೂ ಒಂದು ಆದ್ದರಿಂದ ಹುಡುಕಿದ್ರೆ ಸಿಗುತ್ತೆ. ನಿಮ್ಮ ಹಳೇ ಫೋಟೋಗಳ ಲೆಕ್ಕ 35ರ ಕಡೆ ವಾಲಿದ್ರೆ 135 ತಗೊಳ್ಳಿ, ನಿಕಾರ್ ಡಬ್ಲ್ಯೂ 135ಕ್ಕೆ 200 ಎಂಎಂ ಸರ್ಕಲ್ ಇದೆ. ಲೆಕ್ಕ 60ರ ಕಡೆ ವಾಲಿದ್ರೆ, ಕೋಟೆಯ ಒಂದೊಂದು ಬತೇರಿ, ಒಂದೊಂದು ಬಂಡೆ ಬಿಡಿಸಿ ತೆಗೆಯೋ ಮನಸ್ಸಿದ್ರೆ 210, ಅದರಲ್ಲಿ ನಿಕಾರ್ ಡಬ್ಲ್ಯೂಗೆ 295 ಎಂಎಂ ಸರ್ಕಲ್ ಇದೆ, 4×5ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ, ಆದ್ರೆ ಲೆನ್ಸ್ ದಪ್ಪ, ಫಿಲ್ಟರ್ ಸೈಜ್ 67.

ಹೆಸರುಗಳ ಬಗ್ಗೆ ತಲೆ ಬಿಸಿ ಬೇಡ. ಜರ್ಮನಿಯ ಷ್ನೈಡರ್ ಮತ್ತು ರೋಡೆನ್‌ಸ್ಟಾಕ್, ಜಪಾನಿನ ನಿಕಾನ್ ಮತ್ತು ಫೂಜಿ, ಈ ನಾಲ್ಕರಲ್ಲಿ ಯಾವುದಾದ್ರೂ ಒಳ್ಳೇದೇ. 150ರಲ್ಲಿ ಷ್ನೈಡರ್ ಸಿಮ್ಮರ್ ಎಸ್, ನಿಕಾರ್ ಡಬ್ಲ್ಯೂ ಎರಡಕ್ಕೂ 210 ಸರ್ಕಲ್, ರೋಡೆನ್‌ಸ್ಟಾಕ್ ಅಪೋ ಸಿರೋನಾರ್ ಎಸ್‌ಗೆ 231. ಕೊನೇದು ದುಬಾರಿ. ಅದಕ್ಕೆ ಕೊಡೋ ಹೆಚ್ಚಿನ ದುಡ್ಡನ್ನ ಫಿಲ್ಮ್‌ಗೆ ಹಾಕಿದ್ರೆ ಕಲಿಕೆ ಜಾಸ್ತಿ ಆಗುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಕಾನ್ 2006ರಲ್ಲೇ ಈ ಲೆನ್ಸ್‌ಗಳನ್ನ ನಿಲ್ಲಿಸೋದಾಗಿ ಹೇಳಿತು, ನಿಮಗೆ ಸಿಗೋದು ಬಹುಪಾಲು ಸೆಕೆಂಡ್ ಹ್ಯಾಂಡೇ.

ಎಫ್ 5.6 ಬೇಕಾ, ಎಫ್ 9 ಸಾಕಾ ಅನ್ನೋದು ಇನ್ನೊಂದು ಪ್ರಶ್ನೆ. ಫೋಟೋ ತೆಗೆಯೋದು ಯಾವತ್ತೂ ಎಫ್ 16ರಿಂದ 32ರ ನಡುವೆ, ಹಾಗಾಗಿ ಆ ನಂಬರ್ ಮುಖ್ಯ ಆಗೋದು ಗಾಜಿನ ಮೇಲೆ ನೋಡೋಕೆ ಮಾತ್ರ. ಎಫ್ 5.6ರಿಂದ 8ಕ್ಕೆ ಹೋದ್ರೆ ಬೆಳಕು ಅರ್ಧ. ನಸುಕಿನಲ್ಲಿ ಫೋಕಸ್ ಮಾಡುವಾಗ ಇದು ದೊಡ್ಡ ವ್ಯತ್ಯಾಸ, ಮೊದಲ ಲೆನ್ಸ್‌ಗೆ 5.6 ಇರಲಿ. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದ ಅಮೆರಿಕದ ಫೋಟೋಗ್ರಾಫರ್‌ಗಳು ಕಟ್ಟಿದ ಗುಂಪಿನ ಹೆಸರೇ ಎಫ್ 64 ಅಂತ ಕೇಳಿ ಕೆಲವರು ಅಷ್ಟಕ್ಕೂ ಮುಚ್ಚೋಕೆ ಹೋಗ್ತಾರೆ. 4×5ನಲ್ಲಿ ಎಫ್ 32 ದಾಟಿದ್ರೆ ತೂತು ಸಣ್ಣದಾಗಿ ಬೆಳಕು ಹರಡಿ ಇಡೀ ಚಿತ್ರ ಮೆತ್ತಗಾಗೋಕೆ ಶುರುವಾಗುತ್ತೆ, ಬೇರೆ ದಾರಿ ಇಲ್ಲದಾಗ ಮಾತ್ರ ಹೋಗಿ.

ಶಟರ್, ಬೋರ್ಡ್

ಕೋಪಲ್ ಅನ್ನೋದು ಶಟರ್ ಕಂಪನಿ ಹೆಸರು, ಪಕ್ಕದ ನಂಬರ್ ಸೈಜ್. ಕೋಪಲ್ 0ಗೆ ಬೋರ್ಡ್‌ನಲ್ಲಿ 34.6 ಎಂಎಂ ತೂತು ಬೇಕು, ಕೋಪಲ್ 1ಕ್ಕೆ 41.6, ಕೋಪಲ್ 3ಕ್ಕೆ 65. 150 ಎಂಎಂ ಎಫ್ 5.6 ಸಾಮಾನ್ಯವಾಗಿ 0ಯಲ್ಲಿ, 210 ಸಾಮಾನ್ಯವಾಗಿ 1ರಲ್ಲಿ ಬರುತ್ತೆ. ಬೋರ್ಡ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರೋದು ಲಿನ್‌ಹಾಫ್ ಟೆಕ್ನಿಕಾ ಮಾದರಿ, 96×99 ಎಂಎಂ, ಆದ್ರೂ ನಿಮ್ಮ ಕ್ಯಾಮೆರಾ ಯಾವುದು ತಗೊಳ್ಳುತ್ತೆ ಅಂತ ನೋಡಿ ಆಮೇಲೆ ಆರ್ಡರ್ ಮಾಡಿ. ಲೆನ್ಸ್ ಕೂರಿಸೋದು ಹೀಗೆ: ಲೆನ್ಸಿನ ಹಿಂದಿನ ಗಾಜಿನ ಭಾಗ ಕೈಯಲ್ಲೇ ತಿರುಗಿಸಿ ಬಿಚ್ಚಿ, ಶಟರನ್ನ ಬೋರ್ಡ್ ತೂತಿಗೆ ಮುಂದಿನಿಂದ ತೂರಿಸಿ, ಹಿಂದಿನಿಂದ ರಿಂಗ್ ಬಿಗಿ ಮಾಡಿ, ಗಾಜಿನ ಭಾಗ ವಾಪಸ್ ತಿರುಗಿಸಿ. ರಿಂಗ್ ಬಿಗಿ ಮಾಡೋಕೆ ಒಂದು ಚಪ್ಪಟೆ ಸ್ಪ್ಯಾನರ್ ಬೇಕು, ಲೆನ್ಸ್ ಜೊತೆಗೇ ತರಿಸ್ಕೊಳ್ಳಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಏನು ನೋಡಬೇಕು

ಗಾಜಿನ ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಿ. ಜೇಡರ ಬಲೆ ಥರ ಎಳೆಗಳಿದ್ರೆ ಫಂಗಸ್, ಬೇಡ. ಮಂಜು ಕವಿದ ಹಾಗಿದ್ರೆ ಹೇಝ್, ಕಾಂಟ್ರಾಸ್ಟ್ ಹೋಗುತ್ತೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಇದ್ರೆ ಅಂಟಿಸಿದ ಗಾಜುಗಳು ಬಿಡ್ತಾ ಇವೆ ಅಂತ. ಹಳೇ ಷ್ನೈಡರ್ ಲೆನ್ಸ್‌ಗಳಲ್ಲಿ ಒಳ ಅಂಚಿಗೆ ಬಿಳಿ ಚುಕ್ಕಿಗಳು ಕಾಣೋದು ಸಾಮಾನ್ಯ, ಅದು ಕಪ್ಪು ಬಣ್ಣ ಏಳೋದು ಅಷ್ಟೆ, ಚಿತ್ರಕ್ಕೆ ಏನೂ ಆಗಲ್ಲ, ಅದರಿಂದ ಬೆಲೆ ಇಳಿದಿದ್ರೆ ನಿಮಗೇ ಲಾಭ. ಮುಂದಿನ ಗಾಜಿನ ಮೇಲೆ ಕೂದಲೆಳೆ ಗೀರು ಒಂದೆರಡು ಇದ್ರೂ ಚಿಂತೆ ಇಲ್ಲ.

ಶಟರ್‌ಗೆ 1 ಸೆಕೆಂಡ್, ಅರ್ಧ, ಕಾಲು ಸೆಕೆಂಡ್ ಓಡಿಸಿದ ವಿಡಿಯೋ ಕೇಳಿ. ಹಳೇದಾಗಿ ಗ್ರೀಸ್ ಒಣಗಿದ್ರೆ ಮೊದಲು ಎಳೆಯೋದು ಈ ನಿಧಾನದ ಸ್ಪೀಡ್‌ಗಳೇ, ನಮಗೆ ಬೇಕಾಗೋದೂ ಇವೇ. ಯಾಕೆ ಅಂದ್ರೆ 100 ಐಎಸ್ಒ ಫಿಲ್ಮ್, ಚುರುಕು ಬಿಸಿಲು, ಎಫ್ 22 ಇದ್ರೇನೇ ಸುಮಾರು 1/50 ಸೆಕೆಂಡ್. ಆಕಾಶ ಕಪ್ಪಾಗಿ ಮೋಡ ಎದ್ದು ಕಾಣಲಿ ಅಂತ ಆರೆಂಜ್ ಫಿಲ್ಟರ್ ಹಾಕಿದ್ರೆ ಎರಡು ಸ್ಟಾಪ್ ಹೋಗಿ 1/12ರ ಹತ್ತಿರ. ಇಳಿಹೊತ್ತಿನ ಬೆಳಕಲ್ಲಿ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಮಾಮೂಲು. 1/500 ಸರಿ ಇದೆಯೋ ಇಲ್ಲವೋ ಅನ್ನೋದು ಲ್ಯಾಂಡ್‌ಸ್ಕೇಪ್‌ಗೆ ಲೆಕ್ಕಕ್ಕೇ ಬರಲ್ಲ. ಕೈಗೆ ಬಂದ ಮೇಲೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡಿ ಫ್ರೇಮ್ ಎಣಿಸಿ, 1 ಸೆಕೆಂಡ್ ಅಂತ ಬರೆದಿದ್ದು ನಿಜವಾಗಿ 1.3 ಸೆಕೆಂಡ್ ಬಂದ್ರೂ ಪರವಾಗಿಲ್ಲ, ಚೀಟಿಯಲ್ಲಿ ಬರೆದು ಬೋರ್ಡ್‌ಗೆ ಅಂಟಿಸಿ, ಅದರ ಪ್ರಕಾರ ಲೆಕ್ಕ ಹಾಕಿ. ಹೊರದೇಶದಿಂದ ತರಿಸೋದಾದ್ರೆ ಕಸ್ಟಮ್ಸ್ ಡ್ಯೂಟಿ ಸೇರಿಸಿದ ಬೆಲೆಯನ್ನೇ ನಿಜವಾದ ಬೆಲೆ ಅಂತ ಇಟ್ಕೊಳ್ಳಿ.

ಲೆನ್ಸ್ ಬಂದ ದಿನ

ನಿಮ್ಮ ಮಂಜು ಗಾಜಿನ ನಾಲ್ಕು ಮೂಲೆ ಕತ್ತರಿಸಿದ ಹಾಗಿದ್ರೆ ಅದು ಒಡೆದಿರೋದಲ್ಲ, ಬೇಕಂತಲೇ ಬಿಟ್ಟಿರೋದು. ಕ್ಯಾಮೆರಾನ ದೂರದ ಗುಡ್ಡಕ್ಕೆ ಫೋಕಸ್ ಮಾಡಿ, ಲೆನ್ಸ್ ಎಫ್ 22ಕ್ಕೆ ಮುಚ್ಚಿ, ಕೆಳಗಿನ ಕತ್ತರಿಸಿದ ಮೂಲೆಗೆ ಕಣ್ಣಿಟ್ಟು ಬೆಲ್ಲೋಸ್ ಒಳಗಿಂದ ಲೆನ್ಸ್ ಕಡೆ ನೋಡಿ. ಲೆನ್ಸ್ ಮಧ್ಯದ ತೂತು ಪೂರ್ತಿ ಕಂಡ್ರೆ ಆ ಮೂಲೆಗೆ ಬೆಳಕು ತಲುಪುತ್ತಿದೆ. ಈಗ ನಿಧಾನಕ್ಕೆ ರೈಸ್ ಮಾಡ್ತಾ ಹೋಗಿ, ಒಂದು ಹಂತದಲ್ಲಿ ಆ ತೂತು ಒಂದು ಬದಿಯಿಂದ ಕತ್ತರಿಸಿ ಬಾದಾಮಿ ಆಕಾರಕ್ಕೆ ತಿರುಗುತ್ತೆ, ಬೆಳಕು ಅಲ್ಲಿಂದ ಮುಂದೆ ಮೂಲೆಗೆ ಪೂರ್ತಿ ಸಿಗಲ್ಲ. ಎಷ್ಟು ಎಂಎಂ ಸರಿಸಿದಾಗ ಹಾಗಾಯ್ತು ಅಂತ ಸ್ಕೇಲ್ ಇಟ್ಟು ಅಳೆದು ಬರ್ಕೊಳ್ಳಿ, ಅಡ್ಡ ಫ್ರೇಮ್‌ಗೊಂದು, ಉದ್ದ ಫ್ರೇಮ್‌ಗೊಂದು. 210 ಸರ್ಕಲ್ ಲೆನ್ಸ್‌ಗೆ ಕಾಗದದ ಲೆಕ್ಕದಲ್ಲಿ ಅಡ್ಡಕ್ಕೆ 38, ಉದ್ದಕ್ಕೆ 33 ಬರಬೇಕು. ಅದಕ್ಕಿಂತ ತುಂಬಾ ಮುಂಚೆಯೇ ಕತ್ತರಿಸಿದ್ರೆ ಮೊದಲು ಬೆಲ್ಲೋಸ್ ಮಡಿಕೆ ಅಡ್ಡ ಬರ್ತಿದೆಯಾ ನೋಡಿ, ಎಷ್ಟೋ ಸಲ ಅದೇ ಕಾರಣ, ಕೈಯಿಂದ ಮಡಿಕೆ ಸ್ವಲ್ಪ ಮೇಲಕ್ಕೆತ್ತಿದ್ರೆ ಸರಿಹೋಗುತ್ತೆ.

ಆಮೇಲೆ ಎರಡು ಶೀಟ್ ಇದಕ್ಕೇ ಅಂತ ಖರ್ಚು ಮಾಡಿ, ಬೆಳಗಿನ ಅಡ್ಡ ಬೆಳಕಲ್ಲಿ ಒಂದೇ ಬಂಡೆ, ಒಂದು ಎಫ್ 22ರಲ್ಲಿ, ಇನ್ನೊಂದು ಎಫ್ 32ರಲ್ಲಿ. ಡೆವಲಪ್ ಮಾಡಿ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಮಧ್ಯ ಮತ್ತು ಮೂಲೆ ಎರಡನ್ನೂ ಅಕ್ಕಪಕ್ಕ ನೋಡಿದ್ರೆ, ಈ ಲೆನ್ಸ್ ಎಲ್ಲಿವರೆಗೆ ಮುಚ್ಚಬಹುದು ಅನ್ನೋದು ನೆಗೆಟಿವ್ ಮೇಲೇ ಕಾಣುತ್ತೆ.